ಟ್ರೈನ್ ಸಿಮ್ಯುಲೇಟರ್ ಕ್ಲಾಸಿಕ್: ಸಿನಾರಿಯೋ ಎಡಿಟ್ ಮಾಡುವಾಗ ಮೆಮೊರಿ ಕ್ರ್ಯಾಶ್ ಆದರೆ ಎಲ್ಲಿ ಹುಡುಕಬೇಕು

ಗಾಡಿ ಓಡಿಸುವಾಗ ಏನೂ ತೊಂದರೆ ಇಲ್ಲ. ಗಂಟೆಗಟ್ಟಲೆ ಓಡಿಸಬಹುದು. ಆದರೆ ಅದೇ ಮಾರ್ಗವನ್ನು ಸಿನಾರಿಯೋ ಎಡಿಟರ್‌ನಲ್ಲಿ (ಯಾವ ಗಾಡಿ ಎಲ್ಲಿರಬೇಕು, ಎಲ್ಲಿಗೆ ಹೋಗಬೇಕು ಅಂತ ನಾವೇ ಜೋಡಿಸುವ ಜಾಗದಲ್ಲಿ) ತೆರೆದು ನಾಲ್ಕು ಗಾಡಿ ಇಟ್ಟು, ಐದನೆಯದಕ್ಕೆ ಕೈ ಹಾಕಿದ ಕೂಡಲೇ ತೆರೆ ನಿಂತುಬಿಡುತ್ತದೆ. ಮರುಕ್ಷಣ ಆಟ ಮುಚ್ಚಿ ಡೆಸ್ಕ್‌ಟಾಪ್ ಕಾಣುತ್ತದೆ. ಕೆಲವೊಮ್ಮೆ ಮೆಮೊರಿ ಸಾಲದು ಎಂಬ ಸಂದೇಶ ಬರುತ್ತದೆ, ಕೆಲವೊಮ್ಮೆ ಏನೋ ಕೆಟ್ಟದ್ದು ಆಯಿತು ಎಂಬ ಅರ್ಥದ ಒಂದು ಸಣ್ಣ ಪೆಟ್ಟಿಗೆ ಮಾತ್ರ. ಎಷ್ಟೋ ಸಲ ಅದೂ ಇಲ್ಲ.

ಇಂಥ ಕ್ರ್ಯಾಶ್ ಕಂಡವರು ಸಾಮಾನ್ಯವಾಗಿ ಒಂದೇ ಸಲಕ್ಕೆ ಎಲ್ಲ ಮದ್ದೂ ಮಾಡುತ್ತಾರೆ. ಡ್ರೈವರ್ ಬದಲಿಸುತ್ತಾರೆ, ಆಟವನ್ನು ಅಳಿಸಿ ಮತ್ತೆ ಹಾಕುತ್ತಾರೆ, ಹೊಸ ರ‍್ಯಾಮ್ ಕೊಳ್ಳುತ್ತಾರೆ. ಇದರಲ್ಲಿ ಯಾವುದೋ ಒಂದರಿಂದ ಸರಿಹೋದರೂ ಯಾವುದರಿಂದ ಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ಸಿನಾರಿಯೋದಲ್ಲಿ ಅದೇ ಕಥೆ. ನನ್ನ ಪ್ರಕಾರ ಮೊದಲು ಬೇಕಾಗಿರುವುದು ಒಂದೇ ಒಂದು ಸಂಖ್ಯೆ: ಆಟ ಬೀಳುವ ಹೊತ್ತಿಗೆ ಅದು ಎಷ್ಟು ಮೆಮೊರಿ ಹಿಡಿದಿತ್ತು? ಈ ಸಂಖ್ಯೆ ಸಿಕ್ಕರೆ ಮುಂದಿನ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಇಲ್ಲಿ ಹೇಳುವುದೆಲ್ಲ ಡವ್‌ಟೇಲ್ ಗೇಮ್ಸ್‌ನ ಟ್ರೈನ್ ಸಿಮ್ಯುಲೇಟರ್ ಕ್ಲಾಸಿಕ್‌ಗೆ ಸಂಬಂಧಿಸಿದ್ದು. ಅದರ ಮೂಲ 2007ರ ರೈಲ್ ಸಿಮ್ಯುಲೇಟರ್. 2009ರಲ್ಲಿ ರೈಲ್‌ವರ್ಕ್ಸ್ ಆಯಿತು, ಆಮೇಲೆ ಹಲವು ವರ್ಷ ಹೆಸರಿನ ಮುಂದೆ ಹೊಸ ಹೊಸ ಇಸವಿ ಬಂತು. ಇವತ್ತಿಗೂ ಸ್ಟೀಮ್ (ಆಟ ಕೊಂಡು ತೆರೆಯುವ ಆಪ್) ಫೋಲ್ಡರ್‌ನೊಳಗೆ ಅದರ ಹೆಸರು ರೈಲ್‌ವರ್ಕ್ಸ್ ಅಂತಲೇ ಇದೆ. ಈ ವಯಸ್ಸನ್ನು ನೆನಪಿಟ್ಟುಕೊಳ್ಳಿ. ತೊಂದರೆಯ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ.

ಮೊದಲು ಒಂದು ನಕಲು

ಏನನ್ನೂ ಮುಟ್ಟುವ ಮೊದಲು ನಿಮ್ಮ ಸಿನಾರಿಯೋದ ನಕಲು ತೆಗೆದಿಡಿ. ರೈಲ್‌ವರ್ಕ್ಸ್ ಫೋಲ್ಡರ್‌ನಲ್ಲಿ ಕಂಟೆಂಟ್, ಅದರೊಳಗೆ ರೂಟ್ಸ್, ಅದರೊಳಗೆ ಮಾರ್ಗದ ಫೋಲ್ಡರ್, ಅದರೊಳಗೆ ಸಿನಾರಿಯೋಸ್. ಮಾರ್ಗಕ್ಕೂ ಸಿನಾರಿಯೋಗೂ ಅಲ್ಲಿ ಹೆಸರು ಇರುವುದಿಲ್ಲ, ಅಂಕಿ ಅಕ್ಷರ ಬೆರೆತ ಉದ್ದನೆಯ ಗುರುತು ಮಾತ್ರ ಇರುತ್ತದೆ. ಗಾಬರಿ ಬೇಡ. ತಾರೀಖಿನ ಪ್ರಕಾರ ಜೋಡಿಸಿ. ಈಗ ತಾನೇ ಸೇವ್ ಮಾಡಿದ ಸಿನಾರಿಯೋ ಮೇಲೆ ಬರುತ್ತದೆ. ಖಚಿತ ಮಾಡಿಕೊಳ್ಳಲು ಒಳಗಿರುವ ಸಿನಾರಿಯೋಪ್ರಾಪರ್ಟೀಸ್.ಎಕ್ಸ್‌ಎಂಎಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ನೀವು ಕೊಟ್ಟ ಹೆಸರು ಕಾಣುತ್ತದೆ. ಆ ಇಡೀ ಫೋಲ್ಡರನ್ನು ಬೇರೆ ಡ್ರೈವ್‌ಗೆ ನಕಲು ಮಾಡಿ.

ಈ ಹೆಜ್ಜೆಯನ್ನು ಬಿಡಬೇಡಿ ಅಂತ ಒತ್ತಿ ಹೇಳುತ್ತೇನೆ. ಸೇವ್ ಆಗುತ್ತಿರುವಾಗಲೇ ಕ್ರ್ಯಾಶ್ ಆದರೆ ಸಿನಾರಿಯೋ.ಬಿನ್ ಫೈಲ್ ಅರ್ಧಕ್ಕೇ ನಿಲ್ಲಬಹುದು. ಆಮೇಲೆ ಮೆಮೊರಿಯ ತೊಂದರೆಯನ್ನು ನೀವು ಸರಿಮಾಡಿದರೂ ಆ ಫೈಲ್ ತೆರೆದಾಗಲೆಲ್ಲ ಆಟ ಬೀಳುತ್ತದೆ. ಒಂದು ರೋಗಕ್ಕೆ ಇನ್ನೊಂದು ಸೇರಿಕೊಂಡರೆ ಯಾವುದು ಯಾವುದು ಅಂತ ಬಿಡಿಸುವುದು ತುಂಬ ಕಷ್ಟ.

ಸಂಖ್ಯೆ ನೋಡುವುದು ಹೇಗೆ

ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಡೀಟೇಲ್ಸ್ ಎಂಬ ಪುಟಕ್ಕೆ ಹೋಗಿ, ಮೇಲಿನ ಕಾಲಂ ತಲೆಬರಹದ ಮೇಲೆ ಬಲ ಕ್ಲಿಕ್ ಮಾಡಿ, ಕಾಲಂ ಆರಿಸುವ ಪಟ್ಟಿಯಿಂದ ಎರಡನ್ನು ಸೇರಿಸಿ: ಪ್ಲಾಟ್‌ಫಾರ್ಮ್ ಮತ್ತು ಕಮಿಟ್ ಸೈಜ್. ಮೊದಲನೆಯದು ಆಟ 32 ಬಿಟ್‌ನದೋ 64 ಬಿಟ್‌ನದೋ ಹೇಳುತ್ತದೆ. ಎರಡನೆಯದು ಆಟ ವಿಂಡೋಸ್‌ನಿಂದ ತನಗಾಗಿ ಒಟ್ಟು ಎಷ್ಟು ಮೆಮೊರಿ ಕೇಳಿ ಪಡೆದಿದೆ ಅಂತ ಹೇಳುತ್ತದೆ. ಮಾಮೂಲಿ ಮೆಮೊರಿ ಕಾಲಂ ಇಲ್ಲಿ ಸಾಲದು. ಅದು ಈ ಕ್ಷಣ ರ‍್ಯಾಮ್‌ನಲ್ಲಿ ಕೂತಿರುವ ಭಾಗವನ್ನು ಮಾತ್ರ ತೋರಿಸುತ್ತದೆ.

ಆಟವನ್ನು ವಿಂಡೋ ಮೋಡ್‌ನಲ್ಲಿ ಇಟ್ಟುಕೊಳ್ಳಿ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ಕಾಣುವಂತಿರಲಿ. ಈಗ ಎಂದಿನಂತೆ ಎಡಿಟ್ ಮಾಡಿ. ಕಮಿಟ್ ಸಂಖ್ಯೆಯನ್ನು ಮೂರು ಹೊತ್ತಿನಲ್ಲಿ ಬರೆದಿಟ್ಟುಕೊಳ್ಳಿ: ಎಡಿಟರ್ ತೆರೆದ ಕೂಡಲೇ, ಗಾಡಿಗಳ ಪಟ್ಟಿ ತುಂಬಿಕೊಂಡ ಮೇಲೆ, ಮತ್ತು ಬೀಳುವ ಮುನ್ನ ಕೊನೆಯದಾಗಿ ಕಂಡದ್ದು. ಒಂದೇ ಸಲದ ಸಂಖ್ಯೆ ನಂಬಬೇಡಿ. ಕ್ರ್ಯಾಶ್ ಮತ್ತೆ ಆಗುವಂತೆ ಮಾಡಿ, ಇನ್ನೊಮ್ಮೆ ನೋಡಿ.

ಈಗ ನಿಮ್ಮ ಮುಂದೆ ಮೂರು ಚಿತ್ರಗಳಲ್ಲಿ ಒಂದು ಇರುತ್ತದೆ. ಪ್ಲಾಟ್‌ಫಾರ್ಮ್ 32 ಬಿಟ್ ಆಗಿದ್ದು, ಸಂಖ್ಯೆ ಏರುತ್ತ ಏರುತ್ತ 3 ಜಿಬಿ ದಾಟಿ ಎಲ್ಲೋ ಬಿದ್ದರೆ ಅದು ವಿಳಾಸದ ಜಾಗ ಮುಗಿದ ಕೇಸು. 64 ಬಿಟ್ ಆಗಿದ್ದು ಸಂಖ್ಯೆ ತುಂಬ ಮೇಲೆ ಹೋಗಿ ಬಿದ್ದರೆ, ಇಡೀ ಕಂಪ್ಯೂಟರ್‌ನ ಮೆಮೊರಿ ಮಿತಿ ಮುಟ್ಟಿದ ಕೇಸು. ಸಂಖ್ಯೆ ಕಡಿಮೆಯೇ ಇದ್ದು, ಏರುವ ಲಕ್ಷಣವೂ ಇಲ್ಲದೆ, ಪ್ರತಿ ಸಲ ಒಂದೇ ಜಾಗದಲ್ಲಿ ಬಿದ್ದರೆ ಅದು ಮೆಮೊರಿ ಕೊರತೆಯೇ ಅಲ್ಲ. ಯಾವುದೋ ಫೈಲ್ ಕೆಟ್ಟಿದೆ, ಇಲ್ಲವೇ ಕಾಣೆಯಾಗಿದೆ. ಈ ಮೂರನೆಯದು ಜನ ಅಂದುಕೊಳ್ಳುವುದಕ್ಕಿಂತ ಜಾಸ್ತಿ.

32 ಬಿಟ್ ಆಗಿದ್ದರೆ

2018ರ ಕೊನೆಯಲ್ಲಿ ಬಂದ 2019ರ ಆವೃತ್ತಿಯಿಂದ ಈ ಆಟಕ್ಕೆ 64 ಬಿಟ್ ಎಕ್ಸ್‌ಇ (ಆಟವನ್ನು ಓಡಿಸುವ ಫೈಲ್) ಇದೆ. ಆದರೆ ಹಳೆಯ 32 ಬಿಟ್ ಎಕ್ಸ್‌ಇಯನ್ನೂ ಹಾಗೇ ಉಳಿಸಿಕೊಂಡಿದ್ದಾರೆ. ಡೆಸ್ಕ್‌ಟಾಪ್‌ನ ಹಳೆಯ ಶಾರ್ಟ್‌ಕಟ್‌ನಿಂದ ತೆರೆಯುವವರು, ಸ್ಟೀಮ್ ಕೇಳಿದಾಗ ಅಭ್ಯಾಸಬಲದಿಂದ ಮೊದಲನೆಯದನ್ನೇ ಆರಿಸುವವರು ಇನ್ನೂ 32 ಬಿಟ್‌ನಲ್ಲೇ ಇರುತ್ತಾರೆ, ಅವರಿಗದು ಗೊತ್ತೂ ಇರುವುದಿಲ್ಲ. ಕಂಪ್ಯೂಟರ್‌ನಲ್ಲಿ 32 ಜಿಬಿ ರ‍್ಯಾಮ್ ಇದ್ದೂ ಮೆಮೊರಿ ಸಾಲದು ಎಂಬ ಸಂದೇಶ ಬಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಕಾರಣ ಸರಳ. 32 ಬಿಟ್ ಪ್ರೋಗ್ರಾಂ ಒಂದಕ್ಕೆ 2ರ 32ನೇ ಘಾತದಷ್ಟು, ಅಂದರೆ 4 ಜಿಬಿಯಷ್ಟು ವಿಳಾಸಗಳು ಮಾತ್ರ ಗೊತ್ತು. ವಿಂಡೋಸ್ ಅದರಲ್ಲಿ ಮಾಮೂಲಿಯಾಗಿ 2 ಜಿಬಿಯನ್ನು ಪ್ರೋಗ್ರಾಂಗೆ ಬಿಡುತ್ತದೆ. ದೊಡ್ಡ ವಿಳಾಸ ಬಳಸಬಲ್ಲೆ ಅಂತ ಎಕ್ಸ್‌ಇಯಲ್ಲಿ ಗುರುತು ಇದ್ದು ವಿಂಡೋಸ್ 64 ಬಿಟ್ ಆಗಿದ್ದರೆ ಪೂರ್ತಿ 4 ಜಿಬಿ ಸಿಗಬಹುದು. ಅದಕ್ಕಿಂತ ಮೇಲೆ ಒಂದು ಬೈಟ್ ಕೂಡ ಇಲ್ಲ. ನೀವು ಎಷ್ಟು ರ‍್ಯಾಮ್ ಹಾಕಿದರೂ ಆ ಪ್ರೋಗ್ರಾಂಗೆ ಅದು ಕಾಣುವುದಿಲ್ಲ.

ಹಾಗಾದರೆ 4 ಜಿಬಿ ಮುಟ್ಟುವ ಮೊದಲೇ ಯಾಕೆ ಬೀಳುತ್ತದೆ? ಜಾಗ ಚೂರುಚೂರಾಗಿರುತ್ತದೆ. ದೊಡ್ಡ ಟೆಕ್ಸ್ಚರ್‌ಗೆ, ಅಂದರೆ ಗಾಡಿ, ಕಟ್ಟಡಗಳ ಮೈಗೆ ಹೊದಿಸುವ ಚಿತ್ರಕ್ಕೆ, ಒಂದೇ ಕಡೆ ಸಾಲಾಗಿ ಜಾಗ ಬೇಕು. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಅಲ್ಲೊಂದು ಇಲ್ಲೊಂದು ಸೀಟು ಖಾಲಿ ಇದ್ದರೂ ಐವರ ಕುಟುಂಬ ಒಟ್ಟಿಗೆ ಕೂರಲಾಗದ ಹಾಗೆ, ಒಟ್ಟು ಲೆಕ್ಕದಲ್ಲಿ ನೂರಾರು ಎಂಬಿ ಖಾಲಿ ಇದ್ದರೂ 64 ಎಂಬಿಯ ಒಂದು ತುಂಡು ಸಿಗದೇ ಹೋಗಬಹುದು. ಹೆಚ್ಚು ಹೊತ್ತು ಎಡಿಟ್ ಮಾಡಿದಷ್ಟೂ ಚೂರುಗಳು ಹೆಚ್ಚುತ್ತವೆ. ಅದಕ್ಕೇ ಆಟ ಈಗ ತಾನೇ ತೆರೆದಾಗ ಚೆನ್ನಾಗಿದ್ದು ಒಂದು ಗಂಟೆಯ ನಂತರ ಬೀಳುವುದು.

ಪರಿಹಾರ ಮೊದಲು 64 ಬಿಟ್‌ಗೆ ಹೋಗುವುದು. ಸ್ಟೀಮ್‌ನಲ್ಲಿ ತೆರೆಯುವಾಗ 64 ಬಿಟ್ ಎಂದಿರುವುದನ್ನು ಆರಿಸಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಹೆಸರು ರೈಲ್‌ವರ್ಕ್ಸ್64 ಎಂದು ಬರಬೇಕು. ಬಂದರೆ ಸರಿ. ಇಷ್ಟರಲ್ಲೇ ಎಷ್ಟೋ ಜನರ ಕಷ್ಟ ಮುಗಿಯುತ್ತದೆ. ಆದರೆ 64 ಬಿಟ್‌ಗೆ ಹೋದಮೇಲೂ ಎಡಿಟರ್ ಯಾಕೆ ಅಷ್ಟೊಂದು ತಿನ್ನುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಮಿತಿ ದೂರ ಹೋಗುತ್ತದೆಯೇ ಹೊರತು ಅಭ್ಯಾಸ ಹಾಗೇ ಉಳಿಯುತ್ತದೆ.

ಎಡಿಟರ್ ಯಾಕೆ ಜಾಸ್ತಿ ತಿನ್ನುತ್ತದೆ

ಆಡುವಾಗ ನಿಮ್ಮ ಕ್ಯಾಮೆರಾ ಗಾಡಿಯ ಜೊತೆ ಹಳಿಯ ಮೇಲೆ ಹೋಗುತ್ತದೆ. ಮುಂದಿನ ಭಾಗ ನಿಧಾನಕ್ಕೆ ಲೋಡ್ ಆಗುತ್ತದೆ, ಹಿಂದಿನದು ಬಿಟ್ಟುಹೋಗುತ್ತದೆ. ಎಡಿಟರ್‌ನಲ್ಲಿ ಹಾಗಲ್ಲ. ಲಂಡನ್–ಬ್ರೈಟನ್ ಮಾರ್ಗವನ್ನೇ ತೆಗೆದುಕೊಳ್ಳಿ. ವಿಕ್ಟೋರಿಯಾದಲ್ಲಿ ಒಂದು ಗಾಡಿ ಇಟ್ಟು, ನಕ್ಷೆಯಲ್ಲಿ ಒಂದು ಕ್ಲಿಕ್ ಮಾಡಿ ಈಸ್ಟ್ ಕ್ರೊಯ್ಡನ್‌ಗೆ ಹಾರಿ, ಅಲ್ಲಿಂದ ಬ್ರೈಟನ್‌ಗೆ ಹೋಗಿ, ಮತ್ತೆ ಕ್ಲಾಫಮ್ ಜಂಕ್ಷನ್‌ಗೆ ವಾಪಸ್. ಕೆಲವೇ ನಿಮಿಷದಲ್ಲಿ ಮಾರ್ಗದ ಅತಿ ದಟ್ಟ ಜಾಗಗಳನ್ನೆಲ್ಲ ಕಂಪ್ಯೂಟರ್ ಲೋಡ್ ಮಾಡಿದ್ದಾಯಿತು. ಕ್ಲಾಫಮ್‌ನಂಥ ಜಾಗದಲ್ಲಿ ಹಳಿಗಳ ಜಾಲ, ಕಟ್ಟಡ, ಸಿಗ್ನಲ್ ಎಲ್ಲ ಒತ್ತೊತ್ತಾಗಿವೆ. ಹೊಲಗಳ ನಡುವೆ ಹೋಗುವ ಹೇವರ್ಡ್ಸ್ ಹೀತ್ ಸುತ್ತಮುತ್ತ ಅಷ್ಟಿಲ್ಲ. ಹೀಗೆ ಹಾರಾಡುವಾಗ ಕಮಿಟ್ ಸಂಖ್ಯೆ ಹೇಗೆ ಏರುತ್ತದೆ ಅಂತ ನೀವೇ ನೋಡಿ. ಆದ್ದರಿಂದ ಒಂದು ನಿಲ್ದಾಣದ ಕೆಲಸ ಪೂರ್ತಿ ಮುಗಿಸಿ, ಸೇವ್ ಮಾಡಿ, ಆಮೇಲೆ ಮುಂದಿನದಕ್ಕೆ ಹೋಗಿ. ಸುಮ್ನೆ ಅತ್ತಿಂದಿತ್ತ ಹಾರಬೇಡಿ.

ಇದಕ್ಕಿಂತ ದೊಡ್ಡ ಕಾರಣ ಗಾಡಿಗಳ ಫಿಲ್ಟರ್. ಎಡಿಟರ್‌ನ ಎಡಬದಿಯಲ್ಲಿ ಆಬ್ಜೆಕ್ಟ್ ಸೆಟ್ ಫಿಲ್ಟರ್‌ನ ಬಟನ್ ಇದೆ. ಒತ್ತಿದರೆ ಬಲಬದಿಯಲ್ಲಿ ಪೂರೈಕೆದಾರರ ಪಟ್ಟಿ, ಅದರ ಕೆಳಗೆ ಉತ್ಪನ್ನಗಳ ಪಟ್ಟಿ, ಪ್ರತಿಯೊಂದರ ಮುಂದೆ ಟಿಕ್ ಹಾಕುವ ಚೌಕ. ಬೇಕಾದ ಗಾಡಿ ಯಾವ ಉತ್ಪನ್ನದಲ್ಲಿದೆ ಅಂತ ನೆನಪಾಗದಿದ್ದಾಗ ನಾವು ಏನು ಮಾಡುತ್ತೇವೆ? ಎಲ್ಲದಕ್ಕೂ ಟಿಕ್ ಹಾಕಿ ಹುಡುಕುತ್ತೇವೆ, ಅಲ್ವಾ? ಟಿಕ್ ಹಾಕಿದ ಪ್ರತಿ ಉತ್ಪನ್ನದ ಬ್ಲೂಪ್ರಿಂಟ್‌ಗಳನ್ನು (ಗಾಡಿ, ವಸ್ತುಗಳ ವಿವರ ಇರುವ ಫೈಲ್‌ಗಳನ್ನು) ಆಟ ಓದಿ ಪಟ್ಟಿಗೆ ಸೇರಿಸಬೇಕು. ವರ್ಷಗಟ್ಟಲೆ ಆಡ್‌ಆನ್ (ಆಟಕ್ಕೆ ಬೇರೆಯಾಗಿ ಸೇರಿಸುವ ಗಾಡಿ, ಮಾರ್ಗ) ಕೊಂಡವರ ಕಂಪ್ಯೂಟರ್‌ನಲ್ಲಿ ಇದು ಸಣ್ಣ ಕೆಲಸವಲ್ಲ.

ಇಲ್ಲಿಗೇ ಮುಗಿಯುವುದಿಲ್ಲ. ಆ ಟಿಕ್‌ಗಳು ಸಿನಾರಿಯೋದ ಜೊತೆಗೇ ಸೇವ್ ಆಗುತ್ತವೆ. ಸಿನಾರಿಯೋಪ್ರಾಪರ್ಟೀಸ್.ಎಕ್ಸ್‌ಎಂಎಲ್ ತೆರೆದು, ಬ್ಲೂಪ್ರಿಂಟ್‌ಸೆಟ್‌ಪ್ರೀಲೋಡ್ ಎಂಬ ಪದ ಇರುವ ಭಾಗ ಹುಡುಕಿ. ಅದರ ಕೆಳಗೆ ಪೂರೈಕೆದಾರ, ಉತ್ಪನ್ನ, ಪೂರೈಕೆದಾರ, ಉತ್ಪನ್ನ ಅಂತ ಸಾಲುಸಾಲಾಗಿ ಇರುತ್ತದೆ. ಹೆಸರೇ ಹೇಳುವಂತೆ ಇವು ಮುಂಗಡವಾಗಿ ಲೋಡ್ ಆಗಬೇಕಾದ ಸೆಟ್‌ಗಳು. ಮೊದಲ ದಿನ ಹುಡುಕಲು ಹಾಕಿದ ಟಿಕ್, ಗಾಡಿ ಇಡದೇ ಬಿಟ್ಟಿದ್ದರೂ, ಅಲ್ಲೇ ಕೂತಿರುತ್ತದೆ. ಮುಂದಿನ ಸಲ ಸಿನಾರಿಯೋ ತೆರೆದಾಗ ಆ ಭಾರ ಮೊದಲೇ ಬರುತ್ತದೆ. ನೀವು ಬೇರೆಯವರ ಸಿನಾರಿಯೋವನ್ನು ಕ್ಲೋನ್ ಮಾಡಿದ್ದರೆ ಅವರ ಹಳೆಯ ಟಿಕ್‌ಗಳೂ ನಿಮ್ಮ ಪಾಲಿಗೆ ಬಂದಿರುತ್ತವೆ.

ಆದ್ದರಿಂದ ಕ್ರ್ಯಾಶ್ ಆಗುವ ಸಿನಾರಿಯೋದಲ್ಲಿ ನಾನು ಮೊದಲು ನೋಡುವ ಫೈಲ್ ಇದೇ. ಸಿನಾರಿಯೋದಲ್ಲಿ ನಿಜವಾಗಿ ಇರುವ ಗಾಡಿಗಳು ನಾಲ್ಕು ಉತ್ಪನ್ನಗಳಿಗೆ ಸೇರಿದ್ದು, ಪಟ್ಟಿಯಲ್ಲಿ ನಲವತ್ತು ಇದ್ದರೆ ಉತ್ತರ ಅಲ್ಲೇ ಇದೆ. ಎಡಿಟರ್ ತೆರೆಯುವವರೆಗಾದರೂ ಆಟ ಬೀಳದೆ ಇರುತ್ತಿದ್ದರೆ, ಒಳಗೆ ಹೋಗಿ ಬೇಡದ ಟಿಕ್‌ಗಳನ್ನು ತೆಗೆಯಿರಿ, ಸೇವ್ ಮಾಡಿ, ಆಟವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಟಿಕ್ ತೆಗೆದ ಮಾತ್ರಕ್ಕೆ ಹಿಡಿದ ಮೆಮೊರಿ ತಕ್ಷಣ ಇಳಿಯುತ್ತದೆ ಅಂತ ನಿರೀಕ್ಷಿಸಬೇಡಿ. ಮತ್ತೆ ತೆರೆದಾಗಲೇ ನಿಜವಾದ ಸಂಖ್ಯೆ ಕಾಣುವುದು. ಎಡಿಟರ್ ತೆರೆಯುವ ಮೊದಲೇ ಬೀಳುತ್ತಿದ್ದರೆ ಎಕ್ಸ್‌ಎಂಎಲ್ ಫೈಲಿನಲ್ಲೇ ಆ ಸಾಲುಗಳನ್ನು ತೆಗೆಯಬಹುದು. ಒಂದು ಸೆಟ್‌ನ ಆರಂಭದ ಟ್ಯಾಗ್‌ನಿಂದ ಮುಗಿಯುವ ಟ್ಯಾಗ್‌ವರೆಗೆ ಇಡೀ ತುಂಡು ಹೋಗಬೇಕು. ಅರ್ಧ ಟ್ಯಾಗ್ ಉಳಿದರೆ ಫೈಲ್ ಓದಲು ಬರುವುದಿಲ್ಲ. ಸಿನಾರಿಯೋದಲ್ಲಿ ಬಳಸಿರುವ ಗಾಡಿಗಳ ಸೆಟ್‌ಗಳನ್ನು ಮಾತ್ರ ಮುಟ್ಟಬೇಡಿ.

ಟೆಕ್ಸ್ಚರ್‌ನ ಲೆಕ್ಕ

ಗಾಡಿಗಳ ಸಂಖ್ಯೆ ಜಾಸ್ತಿ ಆದ್ದರಿಂದ ಕ್ರ್ಯಾಶ್ ಆಗುತ್ತಿದೆ ಅಂತ ಬಹಳ ಜನ ಹೇಳುತ್ತಾರೆ. ಅರ್ಧ ಸರಿ. ಒಂದೇ ಬಗೆಯ 30 ವ್ಯಾಗನ್ ಇಟ್ಟರೆ ಅವೆಲ್ಲ ಒಂದೇ ಆಕಾರ, ಒಂದೇ ಟೆಕ್ಸ್ಚರ್ ಹಂಚಿಕೊಳ್ಳುತ್ತವೆ. 30 ಬೇರೆಬೇರೆ ಬಗೆಯವನ್ನು ಇಟ್ಟರೆ ಪ್ರತಿಯೊಂದೂ ತನ್ನದನ್ನು ತರುತ್ತದೆ. ಒಂದೇ ಬೋಗಿಗೆ ಐದು ಬಣ್ಣದ ರೀಸ್ಕಿನ್ ಬಳಸಿದರೂ ಅಷ್ಟೇ, ಪ್ರತಿ ಬಣ್ಣಕ್ಕೆ ತನ್ನದೇ ಟೆಕ್ಸ್ಚರ್ ಬೇಕು.

ಲೆಕ್ಕ ಹಾಕಿ ನೋಡೋಣ. 4096 ಚದರದ ಒಂದು ಟೆಕ್ಸ್ಚರ್, ಪ್ರತಿ ಚುಕ್ಕಿಗೆ 4 ಬೈಟ್ ಅಂದರೆ 64 ಎಂಬಿ. ಆಟಗಳು ಸಾಮಾನ್ಯವಾಗಿ ಇದನ್ನು ಡಿಎಕ್ಸ್‌ಟಿ5 ರೀತಿಯಲ್ಲಿ ಒತ್ತಿ ಇಡುತ್ತವೆ. ಆಗ ಚುಕ್ಕಿಗೆ 1 ಬೈಟ್, ಒಟ್ಟು 16 ಎಂಬಿ. ದೂರದಿಂದ ನೋಡುವಾಗ ಬೇಕಾಗುವ ಚಿಕ್ಕ ಪ್ರತಿಗಳನ್ನೂ ಸೇರಿಸಿದರೆ ಮೂರನೇ ಒಂದು ಭಾಗ ಹೆಚ್ಚು, ಸುಮಾರು 21 ಎಂಬಿ. 2048 ಚದರದ್ದಾದರೆ ಇದರ ಕಾಲು ಭಾಗ, 5 ಎಂಬಿ ಚಿಲ್ಲರೆ. ಈಗ 12 ಬೇರೆಬೇರೆ ಬೋಗಿ, ಒಂದೊಂದಕ್ಕೆ ಮೂರು ಟೆಕ್ಸ್ಚರ್ ಅಂದುಕೊಳ್ಳಿ. 2048ರದ್ದಾದರೆ ಒಟ್ಟು 192 ಎಂಬಿ ಆಸುಪಾಸು. 4096ರದ್ದಾದರೆ 768 ಎಂಬಿ. 4 ಜಿಬಿ ಮಿತಿಯ ಪ್ರೋಗ್ರಾಂನಲ್ಲಿ, ಮಾರ್ಗವೇ ಅರ್ಧಕ್ಕಿಂತ ಹೆಚ್ಚು ತಿಂದಿರುವಾಗ, ಈ ವ್ಯತ್ಯಾಸವೇ ನಿಲ್ಲುವುದಕ್ಕೂ ಬೀಳುವುದಕ್ಕೂ ನಡುವಿನ ಗೆರೆ.

ಟೆಕ್ಸ್ಚರ್ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಇರುತ್ತದಲ್ಲ, ನನ್ನ ಕಾರ್ಡ್‌ಗೆ 12 ಜಿಬಿ ಇದೆ ಎಂಬ ಪ್ರಶ್ನೆ ಬರುತ್ತದೆ. ಇದು ಡೈರೆಕ್ಟ್‌ಎಕ್ಸ್ 9 ಕಾಲದ ಆಟ. ಆ ಕಾಲದ ಆಟಗಳಲ್ಲಿ ಕಾರ್ಡ್‌ಗೆ ಕಳಿಸಿದ ಟೆಕ್ಸ್ಚರ್‌ನ ಒಂದು ಪ್ರತಿ ಸಾಮಾನ್ಯವಾಗಿ ಮುಖ್ಯ ಮೆಮೊರಿಯಲ್ಲೂ ಉಳಿಯುತ್ತದೆ. ಹಾಗಾಗಿ ಕಾರ್ಡ್ ಎಷ್ಟೇ ದೊಡ್ಡದಿದ್ದರೂ ಆಟದ ಸ್ವಂತ ಜಾಗ ತುಂಬುತ್ತದೆ.

ಹಿನ್ನೆಲೆಯಲ್ಲಿ ಸೈಡಿಂಗ್‌ನಲ್ಲಿ (ಪಕ್ಕದ ಹಳಿಯಲ್ಲಿ) ಸುಮ್ನೆ ನಿಂತಿರುವ ಗಾಡಿಗಳಿಗೆ, ಎದುರು ಹಳಿಯಲ್ಲಿ ಒಂದು ನಿಮಿಷ ಕಂಡು ಮಾಯವಾಗುವ ಗಾಡಿಗಳಿಗೆ, ಮಾರ್ಗದ ಜೊತೆಗೇ ಬಂದ ಹಗುರ ಬೋಗಿಗಳನ್ನು ಬಳಸಿ. ಲಂಡನ್–ಬ್ರೈಟನ್‌ನಲ್ಲಾದರೆ ಮಾರ್ಗದ ಜೊತೆ ಬರುವ ಕ್ಲಾಸ್ 377 ಗಾಡಿಯನ್ನೇ ಹತ್ತು ಕಡೆ ಇಡಬಹುದು. ನಿಜಜೀವನದಲ್ಲೂ ಆ ಮಾರ್ಗದಲ್ಲಿ ಅವೇ ತುಂಬಿವೆ. ಭಾರದ, ಚೆಂದದ ಮಾದರಿಯನ್ನು ಆಡುವವರು ಓಡಿಸುವ ಗಾಡಿಗೆ ಉಳಿಸಿ.

64 ಬಿಟ್ ಆಗಿದ್ದೂ ಸಂಖ್ಯೆ ಏರಿ ಬಿದ್ದರೆ

ಇಲ್ಲಿ ಮಿತಿ ಆಟದ್ದಲ್ಲ, ವಿಂಡೋಸ್‌ನದು. ರ‍್ಯಾಮ್ ಮತ್ತು ಪೇಜ್ ಫೈಲ್ (ಮೆಮೊರಿ ಸಾಲದಾದಾಗ ವಿಂಡೋಸ್ ಡ್ರೈವ್‌ನಲ್ಲಿ ಬಳಸುವ ಫೈಲ್) ಎರಡೂ ಸೇರಿ ಕಂಪ್ಯೂಟರ್‌ಗೆ ಒಂದು ಒಟ್ಟು ಮಿತಿ ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ, ಕಮಿಟೆಡ್ ಎಂಬಲ್ಲಿ ಎರಡು ಸಂಖ್ಯೆ ಇರುತ್ತವೆ: ಈಗ ಹಿಡಿದಿರುವುದು ಮತ್ತು ಮಿತಿ. ಬೀಳುವ ಹೊತ್ತಿಗೆ ಮೊದಲನೆಯದು ಎರಡನೆಯದರ ಹತ್ತಿರ ಬಂದಿದ್ದರೆ ಕಾರಣ ಸಿಕ್ಕಿತು.

ಎಸ್‌ಎಸ್‌ಡಿ ಸವೆಯುತ್ತದೆ ಅಂತ ಪೇಜ್ ಫೈಲನ್ನು ಪೂರ್ತಿ ಆಫ್ ಮಾಡಿಟ್ಟವರಲ್ಲಿ ಇದು ಬೇಗ ಕಾಣುತ್ತದೆ. 8 ಜಿಬಿ ರ‍್ಯಾಮ್, ಪೇಜ್ ಫೈಲ್ ಇಲ್ಲ, ಹಿಂದೆ ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್. ಆಟಕ್ಕೆ ಉಳಿದದ್ದೆಷ್ಟು? ಸಿಸ್ಟಂನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ವರ್ಚುವಲ್ ಮೆಮೊರಿಯನ್ನು ವಿಂಡೋಸ್ ತಾನೇ ನಿಭಾಯಿಸುವಂತೆ ಬಿಡಿ. ಆ ಡ್ರೈವ್‌ನಲ್ಲಿ ಫೈಲ್ ಬೆಳೆಯಲು ಜಾಗ ಇರಲಿ. ಡ್ರೈವ್ ತುಂಬಿದ್ದರೆ ಈ ಸೆಟ್ಟಿಂಗ್‌ನಿಂದ ಏನೂ ಪ್ರಯೋಜನ ಇಲ್ಲ.

ಸಾಕ್ಷಿ ಬೇಕಿದ್ದರೆ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್‌ನ ಸಿಸ್ಟಂ ವಿಭಾಗದಲ್ಲಿ ರಿಸೋರ್ಸ್ ಎಕ್ಸಾಸ್ಚನ್ ಡಿಟೆಕ್ಟರ್ ಹೆಸರಿನ, 2004 ಸಂಖ್ಯೆಯ ದಾಖಲೆ ಇದೆಯಾ ನೋಡಿ. ಕಂಪ್ಯೂಟರ್‌ನ ಮೆಮೊರಿ ನಿಜಕ್ಕೂ ಬತ್ತಿದಾಗ ವಿಂಡೋಸ್ ಇದನ್ನು ಬರೆಯುತ್ತದೆ, ಯಾವ ಪ್ರೋಗ್ರಾಂಗಳು ಹೆಚ್ಚು ಹಿಡಿದಿದ್ದವು ಅಂತ ಹೆಸರು ಸಮೇತ. ಪಟ್ಟಿಯ ಮೊದಲ ಹೆಸರು ಆಟದ್ದೇ ಇರಬೇಕು ಅಂತೇನಿಲ್ಲ.

ಸಂಖ್ಯೆ ಕಡಿಮೆ ಇದ್ದೂ ಬಿದ್ದರೆ

ಇಲ್ಲಿಂದ ಕೆಲಸ ನಿಧಾನದ್ದು, ಆದರೆ ಖಚಿತವಾದದ್ದು. ಈವೆಂಟ್ ವ್ಯೂವರ್‌ನ ಅಪ್ಲಿಕೇಷನ್ ವಿಭಾಗದಲ್ಲಿ 1000 ಸಂಖ್ಯೆಯ ದಾಖಲೆ ಹುಡುಕಿ. ಬಿದ್ದ ಪ್ರೋಗ್ರಾಂ ಯಾವುದು, ಯಾವ ಮಾಡ್ಯೂಲ್‌ನಲ್ಲಿ (ಪ್ರೋಗ್ರಾಂನ ಯಾವ ಭಾಗದಲ್ಲಿ) ಬಿತ್ತು ಅಂತ ಇರುತ್ತದೆ. ಮಾಡ್ಯೂಲ್ ಗ್ರಾಫಿಕ್ಸ್ ಡ್ರೈವರ್‌ನದಾಗಿದ್ದರೆ ಡ್ರೈವರ್‌ನದೇ ತಪ್ಪು ಅಂತ ತೀರ್ಮಾನಿಸಬೇಡಿ. ಆಟ ಕೆಟ್ಟ ಟೆಕ್ಸ್ಚರ್ ಕೊಟ್ಟರೂ ಬೀಳುವುದು ಡ್ರೈವರ್‌ನೊಳಗೇ. ಬೀಳುವ ಮೊದಲು ತೆರೆ ಕಪ್ಪಾಗಿ, ಸಿಸ್ಟಂ ವಿಭಾಗದಲ್ಲಿ 4101 ಸಂಖ್ಯೆಯ ದಾಖಲೆ ಇದ್ದರೆ ಮಾತ್ರ ಡ್ರೈವರ್ ಪ್ರತಿಕ್ರಿಯಿಸುವುದನ್ನು ನಿಲ್ಲಿಸಿತ್ತು ಅಂತ ಅರ್ಥ. ಆಗ ಡ್ರೈವರ್, ಓವರ್‌ಕ್ಲಾಕ್ (ಕಾರ್ಡನ್ನು ನಿಗದಿಗಿಂತ ವೇಗವಾಗಿ ಓಡಿಸುವುದು), ಬಿಸಿ ಇವನ್ನು ನೋಡಿ.

ಈ ಆಟದಲ್ಲೂ ಬೇರೆ ಆಟಗಳಲ್ಲೂ ಹೊತ್ತುಗೊತ್ತಿಲ್ಲದೆ, ಪ್ರತಿ ಸಲ ಬೇರೆಬೇರೆ ಮಾಡ್ಯೂಲ್‌ನಲ್ಲಿ ಬೀಳುತ್ತಿದ್ದರೆ ರ‍್ಯಾಮ್ ಕಡ್ಡಿಯೇ ಕೆಟ್ಟಿರಬಹುದು. ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ ನೋಡಿ.

ಈ ಎರಡೂ ಅಲ್ಲ, ಒಂದೇ ಸಿನಾರಿಯೋ, ಒಂದೇ ಜಾಗ ಅಂದರೆ ಅರ್ಧರ್ಧ ಮಾಡುವ ವಿಧಾನ ಹಿಡಿಯಿರಿ. ಸಿನಾರಿಯೋವನ್ನು ಕ್ಲೋನ್ ಮಾಡಿ. ಕ್ಲೋನ್‌ನಲ್ಲಿ ಅರ್ಧ ಗಾಡಿಗಳನ್ನು ಅಳಿಸಿ, ಸೇವ್ ಮಾಡಿ, ಆಟ ಮುಚ್ಚಿ ತೆರೆದು ಪರೀಕ್ಷಿಸಿ. ಬಿದ್ದರೆ ದೋಷ ಉಳಿದ ಅರ್ಧದಲ್ಲಿದೆ, ಬೀಳದಿದ್ದರೆ ಅಳಿಸಿದ ಅರ್ಧದಲ್ಲಿದೆ. ಆ ಅರ್ಧವನ್ನು ಮತ್ತೆ ಎರಡು ಮಾಡಿ. 32 ಗಾಡಿಗಳಿದ್ದರೂ ಐದು ಹೆಜ್ಜೆಗೆ ಒಂದೇ ಗಾಡಿ ಉಳಿಯುತ್ತದೆ. ಒಂದು ಗಾಡಿಯಲ್ಲಿ ಬೇರೆಬೇರೆ ಬೋಗಿಗಳಿದ್ದರೆ ಅದರೊಳಗೂ ಹೀಗೇ ಮಾಡಿ. ಊಹೆಗೆ ಇಲ್ಲಿ ಜಾಗವೇ ಇಲ್ಲ. ಅದಕ್ಕೇ ನನಗೆ ಈ ವಿಧಾನ ಎಲ್ಲಕ್ಕಿಂತ ಇಷ್ಟ.

ಎಡಿಟರ್ ತೆರೆಯಲೇ ಬಿಡದಿದ್ದರೆ ಸಿನಾರಿಯೋ.ಬಿನ್ ಫೈಲನ್ನು ಹೊರಗಿನಿಂದ ಓದಬಹುದು. ರೈಲ್‌ವರ್ಕ್ಸ್ ಫೋಲ್ಡರ್‌ನಲ್ಲಿ ಸರ್ಜ್.ಎಕ್ಸ್‌ಇ (serz.exe) ಎಂಬ ಪುಟ್ಟ ಸಾಧನ ಇದೆ. ನಕಲು ಮಾಡಿದ ಬಿನ್ ಫೈಲನ್ನು ಎಳೆದು ಅದರ ಮೇಲೆ ಬಿಟ್ಟರೆ ಪಕ್ಕದಲ್ಲೇ ಎಕ್ಸ್‌ಎಂಎಲ್ ಫೈಲ್ ಹುಟ್ಟುತ್ತದೆ. ಎಕ್ಸ್‌ಎಂಎಲ್ ಅನ್ನು ಬಿಟ್ಟರೆ ಮತ್ತೆ ಬಿನ್ ಆಗುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಪ್ರತಿ ಬೋಗಿಯ ಪೂರೈಕೆದಾರ, ಉತ್ಪನ್ನ, ಬ್ಲೂಪ್ರಿಂಟ್ ದಾರಿ ಎಲ್ಲ ಇರುತ್ತದೆ. ಅವನ್ನು ಅಸೆಟ್ಸ್ ಫೋಲ್ಡರ್‌ನೊಂದಿಗೆ ಹೋಲಿಸಿ. ಆ ಹೆಸರಿನ ಫೋಲ್ಡರೇ ಇಲ್ಲ ಅಂದರೆ ಆ ಆಡ್‌ಆನ್ ನಿಮ್ಮಲ್ಲಿಲ್ಲ. ಫೋಲ್ಡರ್ ಇದ್ದು ಒಳಗೆ ಎಪಿ ಎಂದು ಮುಗಿಯುವ ಒಂದೇ ಫೈಲ್ ಇದ್ದರೆ ಹೆದರಬೇಡಿ. ಎಷ್ಟೋ ಆಡ್‌ಆನ್‌ಗಳು ತಮ್ಮ ಸಾಮಾನನ್ನೆಲ್ಲ ಅದರೊಳಗೇ ಕಟ್ಟಿಟ್ಟಿರುತ್ತವೆ. ಕೈಯಿಂದ ಹೋಲಿಸುವುದು ಬೇಸರವಾದರೆ ಆರ್‌ಡಬ್ಲ್ಯೂ ಟೂಲ್ಸ್‌ನಂಥ ಹೊರಗಿನ ಸಾಧನ ಕಾಣೆಯಾದ ಗಾಡಿಗಳನ್ನು ತಾನೇ ಗುರುತಿಸುತ್ತದೆ. ಬಿನ್ ಫೈಲಿನ ಗಾತ್ರ ಸೊನ್ನೆ ಇದ್ದರೆ, ಇಲ್ಲವೇ ಸರ್ಜ್ ಅದನ್ನು ಓದಲು ಒಪ್ಪದಿದ್ದರೆ, ಸೇವ್ ಆಗುವಾಗಲೇ ಅದು ಹಾಳಾಗಿದೆ. ಮೊದಲು ತೆಗೆದಿಟ್ಟ ನಕಲನ್ನು ವಾಪಸ್ ಹಾಕುವುದೇ ದಾರಿ.

ಇಷ್ಟಾದರೂ ಸುಳಿವು ಸಿಗದಿದ್ದರೆ ಲಾಗ್‌ಮೇಟ್ ಇದೆ. ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್ ತೆರೆದು, ಲಾಂಚ್ ಆಪ್ಷನ್ಸ್ ಜಾಗದಲ್ಲಿ ಒಂದು ಅಡ್ಡಗೆರೆ (-) ಹಾಕಿ, ನಡುವೆ ಜಾಗ ಬಿಡದೆ ಲಾಗ್‌ಮೇಟ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಎಲ್ ಮತ್ತು ಎಂ ದೊಡ್ಡಕ್ಷರವಿರಲಿ. ಆಟದ ಜೊತೆ ಇನ್ನೊಂದು ಕಿಟಕಿ ತೆರೆದು ಏನೇನು ನಡೆಯುತ್ತಿದೆ ಅಂತ ಬರೆಯುತ್ತ ಹೋಗುತ್ತದೆ. ಅದರಲ್ಲಿ ಸಾವಿರ ದೂರು ಕಾಣುತ್ತವೆ. ಚೆನ್ನಾಗಿ ಓಡುವ ಸಿನಾರಿಯೋದಲ್ಲೂ ಕಾಣುತ್ತವೆ. ನಿಮಗೆ ಬೇಕಾದದ್ದು ಬೀಳುವ ಮುನ್ನದ ಕೊನೆಯ ಕೆಲವು ಸಾಲು, ಅದೂ ಎರಡು ಮೂರು ಸಲ ಬಿದ್ದಾಗಲೂ ಅದೇ ಹೆಸರು ಬಂದರೆ ಮಾತ್ರ. ಪರೀಕ್ಷೆ ಮುಗಿದ ಮೇಲೆ ಆ ಆಪ್ಷನ್ ತೆಗೆದುಬಿಡಿ, ಆಟ ನಿಧಾನವಾಗುತ್ತದೆ.

ಹೆಸರು ಸಿಕ್ಕಿತು ಅನ್ನಿ. ಅಸೆಟ್ಸ್‌ನಲ್ಲಿ ಆ ಉತ್ಪನ್ನದ ಫೋಲ್ಡರ್‌ಗೆ ಹೋಗಿ ಬ್ಲೂಪ್ರಿಂಟ್ಸ್.ಪಾಕ್ ಫೈಲ್ ಅಳಿಸಿ. ಅದು ಆಟ ತನ್ನ ಅನುಕೂಲಕ್ಕೆ ಕಟ್ಟಿಕೊಂಡ ಕ್ಯಾಶ್, ಮತ್ತೆ ತಾನೇ ಕಟ್ಟಿಕೊಳ್ಳುತ್ತದೆ. ಆಡ್‌ಆನ್ ಹೊಸ ಆವೃತ್ತಿಗೆ ಬಂದು ಹಳೆಯ ಕ್ಯಾಶ್ ಉಳಿದಾಗ ಇಂಥ ಕ್ರ್ಯಾಶ್ ಆಗುವುದುಂಟು. ಎಪಿ ಫೈಲನ್ನು ಮಾತ್ರ ಅಳಿಸಬೇಡಿ, ಅದು ಆಡ್‌ಆನ್‌ನ ಸ್ವಂತ ಸರಕು. ಕ್ಯಾಶ್ ತೆಗೆದರೂ ಬಿದ್ದರೆ ಸ್ಟೀಮ್‌ನಲ್ಲಿ ಫೈಲ್‌ಗಳ ಸಮಗ್ರತೆ ಪರೀಕ್ಷಿಸುವ ಆಯ್ಕೆ ಬಳಸಿ. ನೀವು ಮಾಡಿದ ಸಿನಾರಿಯೋಗಳನ್ನು ಅದು ಮುಟ್ಟುವುದಿಲ್ಲ. ಆದರೆ ಸ್ಟೀಮ್‌ನಿಂದ ಬಂದ ಫೈಲ್‌ಗಳನ್ನು ನೀವು ತಿದ್ದಿದ್ದರೆ, ಧ್ವನಿಯನ್ನೋ ಸಿಗ್ನಲನ್ನೋ ಬದಲಿಸುವ ಪ್ಯಾಚ್ ಹಾಕಿದ್ದರೆ, ಅವು ಮೊದಲಿನ ರೂಪಕ್ಕೆ ಹೋಗುತ್ತವೆ. ಸ್ಟೀಮ್‌ನ ಹೊರಗಿನಿಂದ ಬಂದ ಆಡ್‌ಆನ್ ಆದರೆ ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಬೇಕು.

ಎಡಿಟ್ ಮಾಡುವಾಗಿನ ಸೆಟ್ಟಿಂಗ್‌ಗಳು

ಆಡುವಾಗ ಬೇಕಾದ ಚೆಂದ ಎಡಿಟ್ ಮಾಡುವಾಗ ಬೇಡ. ಆ್ಯಂಟಿ ಏಲಿಯಾಸಿಂಗ್ (ಅಂಚುಗಳನ್ನು ನುಣುಪಾಗಿ ತೋರಿಸುವ ಸೆಟ್ಟಿಂಗ್) ಅನ್ನು ಕೆಳಗಿನ ಮಟ್ಟಕ್ಕೆ ಇಳಿಸಿ. ಅದರಲ್ಲೂ 3×3 ಸೂಪರ್ ಸ್ಯಾಂಪ್ಲಿಂಗ್ ಇದ್ದರೆ ಖಂಡಿತ ತೆಗೆಯಿರಿ. 1920×1080 ತೆರೆಯನ್ನು ಅದು 5760×3240 ಗಾತ್ರದಲ್ಲಿ ಬರೆದು ಆಮೇಲೆ ಕುಗ್ಗಿಸುತ್ತದೆ, ಅಂದರೆ ಒಂಬತ್ತು ಪಟ್ಟು ಚುಕ್ಕಿಗಳು. ದೃಶ್ಯದ ದಟ್ಟತೆ, ನೋಟದ ದೂರ, ನೆರಳು, ನೀರು ಎಲ್ಲ ಕಡಿಮೆ ಮಾಡಿ. ಡೈನಮಿಕ್ ಲೈಟಿಂಗ್ ಆಫ್ ಮಾಡಿ. ಹಳಿ, ಸಿಗ್ನಲ್, ಪ್ಲಾಟ್‌ಫಾರ್ಮ್ ಸ್ಪಷ್ಟ ಕಂಡರೆ ಎಡಿಟ್‌ಗೆ ಸಾಕು. ಮುಗಿದ ಮೇಲೆ ಹಳೆಯ ಸೆಟ್ಟಿಂಗ್‌ಗೆ ಹೋಗಿ ಒಮ್ಮೆ ಪೂರ್ತಿ ಓಡಿಸಿ ನೋಡಿ.

ಎಡಿಟರ್‌ನಿಂದ ಆಟಕ್ಕೆ, ಆಟದಿಂದ ಎಡಿಟರ್‌ಗೆ ಕಂಟ್ರೋಲ್ ಮತ್ತು ಇ ಒತ್ತಿ ಪದೇಪದೇ ಹೋಗಿಬರುವಾಗಲೂ ಕಮಿಟ್ ಸಂಖ್ಯೆ ಮೇಲೆ ಕಣ್ಣಿರಲಿ. ಪ್ರತಿ ಸಲ ಸ್ವಲ್ಪ ಏರಿ, ಕೆಳಗೆ ಬರದಿದ್ದರೆ, ಕೆಲವು ಪರೀಕ್ಷೆಗೊಮ್ಮೆ ಆಟ ಮುಚ್ಚಿ ತೆರೆಯುವುದು ಬುದ್ಧಿವಂತಿಕೆ. ಎಫ್2 ಒತ್ತಿ ಸೇವ್ ಮಾಡುವುದನ್ನು ಪ್ರತಿ ಗಾಡಿಯ ನಂತರ ರೂಢಿ ಮಾಡಿಕೊಳ್ಳಿ. ಸಂಖ್ಯೆ ಮಿತಿಯ ಹತ್ತಿರ ಹೋಗುವ ಮೊದಲೇ ಸೇವ್ ಮಾಡಿ. ಮುಟ್ಟಿದ ಮೇಲೆ ಮಾಡಿದ ಸೇವ್ ಫೈಲನ್ನೇ ಕೆಡಿಸಬಹುದು.

ಸಿನಾರಿಯೋವನ್ನು ಬೇರೆಯವರಿಗೆ ಕೊಡುವ ಯೋಚನೆ ಇದ್ದರೆ, ಕೊಡುವ ಮುನ್ನ ಪ್ರೀಲೋಡ್ ಪಟ್ಟಿಯನ್ನು ಇನ್ನೊಮ್ಮೆ ತೆರೆದು ಬಳಸದ ಸೆಟ್‌ಗಳನ್ನು ತೆಗೆಯಿರಿ. ವಿವರಣೆಯಲ್ಲಿ ಯಾವ ಆಡ್‌ಆನ್ ಬೇಕು, ನೀವು 64 ಬಿಟ್‌ನಲ್ಲಿ ಪರೀಕ್ಷಿಸಿದ್ದೀರಾ, ಅತಿ ದಟ್ಟ ಜಾಗದಲ್ಲಿ ಕಮಿಟ್ ಎಷ್ಟು ಬಂತು ಎಂಬ ಮೂರು ವಿಷಯ ಬರೆಯಿರಿ. 3 ಜಿಬಿ ಮೀರಿದ್ದರೆ 32 ಬಿಟ್‌ನಲ್ಲಿ ತೆರೆಯಬೇಡಿ ಅಂತಲೂ ಹೇಳಿಬಿಡಿ.